ಪಿಎಚ್‌ಡಿ ಸೀಟು ಹುಡುಕ್ತಿದ್ದೀರಾ? ಮೊದಲು ‘ದುಡ್ಡು ಯಾರದು’ ಅಂತ ಕೇಳಿ

(ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ. ಓದುವ ಅನುಕೂಲಕ್ಕಾಗಿ ಅಲ್ಲಲ್ಲಿ ತಿದ್ದಲಾಗಿದೆ.)



ಹೋದ ವರ್ಷ ಬೇಸಿಗೆಯಲ್ಲಿ ಒಂದು ರಾತ್ರಿ ಹನ್ನೊಂದೂವರೆಗೆ ಹರಿಹರದಿಂದ ಚಿಕ್ಕಮ್ಮನ ಮಗಳು ಫೋನ್ ಮಾಡಿದ್ಲು. ಎಂಎಸ್ಸಿ ಕೆಮಿಸ್ಟ್ರಿ ಮುಗಿಸಿ ಮನೇಲಿದ್ದವಳು. ‘ಅಕ್ಕ, ನೆಟ್‌ನಲ್ಲಿ ಜೆಆರ್‌ಎಫ್ ಬರಲಿಲ್ಲ. ಅಪ್ಪ ಗಂಡು ನೋಡೋಕೆ ಶುರು ಮಾಡಿದಾರೆ. ಇನ್ನೊಂದು ವರ್ಷ ಓದ್ತೀನಿ ಅಂತ ಕೇಳ್ಲಾ, ಅಥವಾ ಬಿಟ್ಬಿಡ್ಲಾ?’ ಅಂದ್ಲು.

ರಿಸಲ್ಟ್ ಪಿಡಿಎಫ್ ವಾಟ್ಸಾಪ್ ಮಾಡು ಅಂದೆ. ತೆಗೆದು ನೋಡಿದ್ರೆ ಅದರಲ್ಲಿ ‘ಪಿಎಚ್‌ಡಿ ಪ್ರವೇಶಕ್ಕೆ ಅರ್ಹ’ ಅಂತ ಇದೆ! ಇವಳು ಜೆಆರ್‌ಎಫ್ ಅನ್ನೋ ಪದ ಕಾಣಲಿಲ್ಲ ಅಂತ ಫೈಲ್ ಮುಚ್ಚಿಟ್ಟು ಏಳು ತಿಂಗಳಾಗಿತ್ತು. ಆ ಅರ್ಹತೆಗೆ ಇರೋದು ಒಂದೇ ವರ್ಷದ ಅವಧಿ. ಅಂದ್ರೆ ಉಳಿದಿದ್ದು ಐದು ತಿಂಗಳು.

ನಾನು ಬಿ.ಕಾಂ ಓದಿದವಳು. ರಸಾಯನಶಾಸ್ತ್ರದಲ್ಲಿ ನನಗೆ ನೆನಪಿರೋದು ಹೈಸ್ಕೂಲಿನ ಲಿಟ್ಮಸ್ ಪೇಪರ್ ಒಂದೇ. ಆದ್ರೆ ಕಾಮರ್ಸ್‌ನವರಿಗೆ ಒಂದು ಪ್ರಶ್ನೆ ಚೆನ್ನಾಗಿ ಕೇಳೋಕೆ ಬರುತ್ತೆ: ಇದಕ್ಕೆ ದುಡ್ಡು ಯಾರು ಕೊಡ್ತಾರೆ? ಆ ಐದು ತಿಂಗಳು ನಾವಿಬ್ಬರೂ ಈ ಪ್ರಶ್ನೆ ಹಿಡಿದುಕೊಂಡೇ ಹುಡುಕಿದ್ವಿ. ವಿಜ್ಞಾನದಲ್ಲಿ ಪಿಎಚ್‌ಡಿ, ಅದರ ನಂತರದ ಪೋಸ್ಟ್‌ಡಾಕ್ ಹುದ್ದೆಗಳು ಎಲ್ಲಿ ಸಿಗ್ತವೆ, ಹೇಗೆ ಸಿಗ್ತವೆ ಅನ್ನೋದರ ಬಗ್ಗೆ ಆಗ ಕಲಿತದ್ದು ಇವತ್ತಿನ ಸಂಚಿಕೆ.

ಒಂದು ಸೀಟು ಅಂದ್ರೆ ಮೂರು ವಿಷಯ

ಡಿಗ್ರಿ ಸೀಟು ಅಂದ್ರೆ ಕೌನ್ಸೆಲಿಂಗ್‌ನಲ್ಲಿ ಒಂದೇ ಸಲ ಎಲ್ಲಾ ಸಿಗುತ್ತೆ. ಪಿಎಚ್‌ಡಿ ಹಾಗಲ್ಲ. ಇಲ್ಲಿ ಮೂರು ಬೇಕು. ಒಬ್ಬ ಗೈಡ್. ಒಂದು ವಿಶ್ವವಿದ್ಯಾಲಯದಲ್ಲಿ ನೋಂದಣಿ. ಪ್ರತಿ ತಿಂಗಳು ನಿಮ್ಮ ಖಾತೆಗೆ ಬರೋ ದುಡ್ಡು. ಈ ಮೂರೂ ಒಂದೇ ಜಾಗದಿಂದ ಬರಬೇಕು ಅಂತೇನಿಲ್ಲ. ಎರಡು ಸಿಕ್ಕಿ ಮೂರನೇದು ಸಿಗದೆ ವರ್ಷ ಕಳೆದುಕೊಂಡವರು ನಿಮ್ಮ ಸೀನಿಯರ್‌ಗಳಲ್ಲೇ ಇರ್ತಾರೆ, ಕೇಳಿ ನೋಡಿ.

ದುಡ್ಡಿನಿಂದ ಶುರು ಮಾಡೋಣ. ಅದು ಮೂರು ದಾರಿಯಲ್ಲಿ ಬರುತ್ತೆ.

ಒಂದು, ನೀವೇ ಗೆದ್ದುಕೊಂಡು ಹೋಗೋ ಫೆಲೋಶಿಪ್. ಸಿಎಸ್‌ಐಆರ್-ಯುಜಿಸಿ ನೆಟ್‌ನ ಜೆಆರ್‌ಎಫ್ ಇದಕ್ಕೆ ಒಳ್ಳೆ ಉದಾಹರಣೆ. 2023ರ ಜನವರಿಯಿಂದ ಮೊದಲ ಎರಡು ವರ್ಷ ತಿಂಗಳಿಗೆ 37,000 ರೂಪಾಯಿ, ಆಮೇಲೆ ಮೌಲ್ಯಮಾಪನ ಆಗಿ ಎಸ್‌ಆರ್‌ಎಫ್ ಆದ್ರೆ 42,000. ಊರಿಗೆ ತಕ್ಕ ಮನೆ ಬಾಡಿಗೆ ಭತ್ಯೆ ಬೇರೆ. ಎಂಎಸ್ಸಿಯಲ್ಲಿ ವಿಶ್ವವಿದ್ಯಾಲಯಕ್ಕೇ ಮೊದಲ ರ‍್ಯಾಂಕ್ ಬಂದವರಿಗೆ ಇನ್‌ಸ್ಪೈರ್ ಫೆಲೋಶಿಪ್ ಇದೆ. ದುಡ್ಡು ನಿಮ್ಮ ಜೊತೆಗೇ ಬರೋದರಿಂದ ಗೈಡ್ ನಿಮ್ಮನ್ನ ಸೇರಿಸಿಕೊಳ್ಳೋದು ಸುಲಭ.

ಎರಡು, ಸಂಸ್ಥೆಯ ದುಡ್ಡು. ಬೆಂಗಳೂರಿನ ಐಐಎಸ್‌ಸಿ, ಜಕ್ಕೂರಿನ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರ, ಜಿಕೆವಿಕೆ ಆವರಣದ ಎನ್‌ಸಿಬಿಎಸ್ ಇಂಥ ಕಡೆ ಪ್ರವೇಶ ಸಿಕ್ಕಿದರೆ ವಿದ್ಯಾರ್ಥಿ ವೇತನವೂ ಅದರ ಜೊತೆಗೇ ಬರುತ್ತೆ. ಗೈಡ್, ನೋಂದಣಿ, ದುಡ್ಡು ಮೂರೂ ಒಂದೇ ಸೂರಿನಡಿ. ಅದಕ್ಕೇ ಸ್ಪರ್ಧೆಯೂ ಜಾಸ್ತಿ.

ಮೂರು, ಪ್ರಾಜೆಕ್ಟ್ ದುಡ್ಡು. ಒಬ್ಬ ಪ್ರೊಫೆಸರ್‌ಗೆ ಮೂರು ವರ್ಷಕ್ಕೆ ಅನುದಾನ ಬಂದಿರುತ್ತೆ. ಅದರಲ್ಲಿ ಒಬ್ಬರನ್ನೋ ಇಬ್ಬರನ್ನೋ ಗುತ್ತಿಗೆ ಮೇಲೆ ತಗೊಳ್ತಾರೆ. ಅನುದಾನ ಮುಗಿದ ದಿನ ಹುದ್ದೆಯೂ ಮುಗೀತು.

ನಮ್ಮ ತಂಗಿ ವಿಷಯಕ್ಕೆ ಬಂದ್ರೆ, ಮೊದಲನೇ ದಾರಿ ಮುಚ್ಚಿತ್ತು. ಎರಡನೇ ದಾರಿಗೆ ಗೇಟ್ ಬರೆದಿರಲಿಲ್ಲ, ಐಐಎಸ್‌ಸಿ ಅರ್ಜಿಯೂ ಮಾರ್ಚ್‌ಗೇ ಮುಗಿದಿತ್ತು. ಉಳಿದಿದ್ದು ಮೂರನೇದು.

ಫೇಲ್ ಅಲ್ಲ, ಇನ್ನೊಂದು ಸಾಲು ಓದಿ

2024ರ ಜೂನ್ ಆವೃತ್ತಿಯಿಂದ ನೆಟ್ ಫಲಿತಾಂಶದಲ್ಲಿ ಮೂರು ವರ್ಗ ಇವೆ. ಮೊದಲನೇದು ಜೆಆರ್‌ಎಫ್ ಜೊತೆಗೆ ಸಹಾಯಕ ಪ್ರಾಧ್ಯಾಪಕರ ಅರ್ಹತೆ. ಎರಡನೇದು ಸಹಾಯಕ ಪ್ರಾಧ್ಯಾಪಕರ ಅರ್ಹತೆ ಜೊತೆಗೆ ಪಿಎಚ್‌ಡಿ ಪ್ರವೇಶ. ಮೂರನೇದು ಪಿಎಚ್‌ಡಿ ಪ್ರವೇಶ ಮಾತ್ರ. ಎರಡು ಮತ್ತು ಮೂರನೇ ವರ್ಗದವರನ್ನ ಪಿಎಚ್‌ಡಿಗೆ ಆಯ್ಕೆ ಮಾಡುವಾಗ ನೆಟ್ ಅಂಕಕ್ಕೆ ಶೇ. 70, ಸಂದರ್ಶನಕ್ಕೆ ಶೇ. 30 ತೂಕ. ಪ್ರವೇಶಕ್ಕೆ ಆ ಅಂಕ ಒಂದು ವರ್ಷ ನಡೆಯುತ್ತೆ.

ಇಲ್ಲೊಂದು ಕೊಕ್ಕೆ ಇದೆ. ಈ ಎರಡೂ ವರ್ಗಕ್ಕೆ ಜೆಆರ್‌ಎಫ್ ದುಡ್ಡು ಇಲ್ಲ. ನೋಂದಣಿ ಸಿಕ್ಕರೂ ತಿಂಗಳ ಖರ್ಚು ನಿಮ್ಮ ತಲೆ ಮೇಲೆ. ಕೇಂದ್ರೀಯ ವಿಶ್ವವಿದ್ಯಾಲಯಗಳಲ್ಲಿ ನೆಟ್ ಫೆಲೋಶಿಪ್ ಇಲ್ಲದವರಿಗೂ ತಿಂಗಳಿಗೆ 8,000 ರೂಪಾಯಿ ಕೊಡೋ ವ್ಯವಸ್ಥೆ ಇದೆ. ನಮ್ಮ ರಾಜ್ಯದಲ್ಲಿ ಕೆಸ್ಟೆಪ್ಸ್ ಸಂಸ್ಥೆ ವಿಜ್ಞಾನದ ಪಿಎಚ್‌ಡಿ ವಿದ್ಯಾರ್ಥಿಗಳಿಗೆ ಫೆಲೋಶಿಪ್ ಕೊಡುತ್ತೆ. ಹಾಗಾಗಿ ಯಾವುದೇ ಪ್ರವೇಶ ಪತ್ರ ಕೈಗೆ ಬಂದ ತಕ್ಷಣ ಕೇಳಬೇಕಾದ್ದು ಒಂದೇ: ಮೊದಲ ತಿಂಗಳ ಹಣ ಯಾರ ಖಾತೆಯಿಂದ, ಯಾವತ್ತು ಬರುತ್ತೆ? ಇದನ್ನ ಕೇಳೋಕೆ ಸಂಕೋಚ ಬೇಡ. ಐದು ವರ್ಷದ ಬದುಕಿನ ಪ್ರಶ್ನೆ ಇದು.

ಕ್ಯಾಲೆಂಡರ್ ಗೋಡೆಗೆ ಅಂಟಿಸಿ

ಪರೀಕ್ಷೆ ದಾರಿಯಲ್ಲಿ ಹೋಗೋರು ಬುದ್ಧಿವಂತಿಕೆಗಿಂತ ಹೆಚ್ಚಾಗಿ ದಿನಾಂಕದಲ್ಲೇ ಸೋಲ್ತಾರೆ. ಎಂಎಸ್ಸಿ ಎರಡನೇ ವರ್ಷಕ್ಕೆ ಕಾಲಿಟ್ಟ ತಕ್ಷಣ ವರ್ಷ ಶುರುವಾಯ್ತು ಅಂದುಕೊಳ್ಳಿ.

ಗೇಟ್ ಅರ್ಜಿ ಸಾಮಾನ್ಯವಾಗಿ ಆಗಸ್ಟ್–ಸೆಪ್ಟೆಂಬರ್‌ನಲ್ಲಿ, ಪರೀಕ್ಷೆ ಫೆಬ್ರವರಿಯಲ್ಲಿ. ಗೇಟ್ ಬರೀ ಎಂಜಿನಿಯರ್‌ಗಳಿಗೆ ಅನ್ನೋದು ತಪ್ಪು ತಿಳಿವಳಿಕೆ. ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ, ಜೀವವಿಜ್ಞಾನ ಎಲ್ಲಕ್ಕೂ ಪತ್ರಿಕೆ ಇದೆ, ಅಂಕ ಮೂರು ವರ್ಷ ನಡೆಯುತ್ತೆ. ಟಿಐಎಫ್‌ಆರ್ ಪ್ರವೇಶ ಪರೀಕ್ಷೆ ಸಾಮಾನ್ಯವಾಗಿ ಡಿಸೆಂಬರ್‌ನಲ್ಲಿ. ಭೌತಶಾಸ್ತ್ರದವರು ಜೆಸ್ಟ್ ಮರೆಯಬೇಡಿ. ಸದಾಶಿವನಗರದ ರಾಮನ್ ಸಂಶೋಧನಾ ಸಂಸ್ಥೆ, ಕೋರಮಂಗಲದ ಭಾರತೀಯ ತಾರಾಭೌತ ಸಂಸ್ಥೆ ಎರಡೂ ಆ ಅಂಕ ನೋಡ್ತವೆ. ಐಐಎಸ್‌ಸಿಯ ಮುಖ್ಯ ಅರ್ಜಿ ಫೆಬ್ರವರಿ–ಮಾರ್ಚ್ ಹೊತ್ತಿಗೆ, ತರಗತಿ ಆಗಸ್ಟ್‌ನಲ್ಲಿ.

ಸಿಎಸ್‌ಐಆರ್ ನೆಟ್ ವರ್ಷಕ್ಕೆ ಎರಡು ಸಲ, ಜೂನ್ ಮತ್ತು ಡಿಸೆಂಬರ್ ಅನ್ನೋ ಹೆಸರಲ್ಲಿ. ಆದ್ರೆ ಹೆಸರಿನ ತಿಂಗಳನ್ನ ನಂಬಿ ಕೂರಬೇಡಿ. 2024ರ ಜೂನ್ ಪರೀಕ್ಷೆ ಮುಂದಕ್ಕೆ ಹೋಗಿ ಜುಲೈ ಕೊನೆಗೆ ನಡೀತು. ಒಂದೇ ಪರೀಕ್ಷೆ ಮೇಲೆ ಇಡೀ ವರ್ಷ ಪಣಕ್ಕಿಟ್ಟವರಿಗೆ ಇಂಥದ್ದು ದೊಡ್ಡ ಹೊಡೆತ. ಕನಿಷ್ಠ ಎರಡು ಪರೀಕ್ಷೆ ಬರೀರಿ. ಸಿಲಬಸ್ ಬಹುಪಾಲು ಒಂದೇ.

ಪ್ರಾಜೆಕ್ಟ್ ಹುದ್ದೆಗಳು ಎಲ್ಲಿ ಅಡಗಿವೆ?

ಪ್ರಾಜೆಕ್ಟ್ ಹುದ್ದೆಗಳಿಗೆ ಪೇಪರ್‌ನಲ್ಲಿ ದೊಡ್ಡ ಜಾಹೀರಾತು ಬರಲ್ಲ. ಸಂಸ್ಥೆಯ ಜಾಲತಾಣದ ಒಂದು ಮೂಲೆಯಲ್ಲಿ ಎರಡು ಪುಟದ ಪಿಡಿಎಫ್ ಬೀಳುತ್ತೆ. ಎಷ್ಟೋ ಸಲ ಅರ್ಜಿಗೆ ಎರಡು–ಮೂರು ವಾರ ಅಷ್ಟೇ ಸಮಯ. ಕೆಲವು ನೇರ ಸಂದರ್ಶನ. ಪ್ರಾಜೆಕ್ಟ್ ಜೆಆರ್‌ಎಫ್, ಪ್ರಾಜೆಕ್ಟ್ ಅಸೋಸಿಯೇಟ್, ಪ್ರಾಜೆಕ್ಟ್ ಅಸಿಸ್ಟೆಂಟ್ ಹೀಗೆ ಹೆಸರು ಬೇರೆಬೇರೆ ಇರುತ್ತೆ. ನೆಟ್ ಅಥವಾ ಗೇಟ್ ಇಲ್ಲದವರಿಗೂ ಕೆಲವು ಹುದ್ದೆ ಇವೆ, ಮೊತ್ತ ಕಡಿಮೆ.

ನಾವು ಮಾಡಿದ್ದು ಇಷ್ಟು. ಇಪ್ಪತ್ತು ಸಂಸ್ಥೆಗಳ ‘ಹುದ್ದೆಗಳು’ ಪುಟವನ್ನ ಫೋನ್‌ನಲ್ಲಿ ಬುಕ್‌ಮಾರ್ಕ್ ಮಾಡಿಟ್ಟು, ಸೋಮವಾರ ಮತ್ತು ಗುರುವಾರ ಬೆಳಗ್ಗೆ ಅರ್ಧ ಗಂಟೆ ನೋಡೋದು. ಜೀವವಿಜ್ಞಾನದವರಿಗೆ ಇಂಡಿಯಾ ಬಯೋಸೈನ್ಸ್ ತಾಣದಲ್ಲಿ ಹುದ್ದೆಗಳು ಒಂದೇ ಕಡೆ ಸಿಗ್ತವೆ.

ಆದ್ರೆ ಒಂದು ಎಚ್ಚರ. ಪ್ರಾಜೆಕ್ಟ್ ಹುದ್ದೆಯೇ ಪಿಎಚ್‌ಡಿ ಅಲ್ಲ. ದುಡ್ಡು ಸಿಕ್ಕಿತು, ಗೈಡ್ ಸಿಕ್ಕರು, ನೋಂದಣಿ ಇಲ್ಲ ಅಂದ್ರೆ ಎರಡು ವರ್ಷ ದುಡಿದರೂ ನಿಮ್ಮ ಹೆಸರಿನ ಹಿಂದೆ ಡಾಕ್ಟರ್ ಬರಲ್ಲ. ಸಂದರ್ಶನದಲ್ಲೇ ಕೇಳಿ: ‘ಈ ಹುದ್ದೆಯಲ್ಲಿ ಇದ್ದುಕೊಂಡು ಪಿಎಚ್‌ಡಿಗೆ ನೋಂದಾಯಿಸಬಹುದಾ? ಯಾವ ವಿಶ್ವವಿದ್ಯಾಲಯದಲ್ಲಿ? ಪ್ರಾಜೆಕ್ಟ್ ಮುಗಿದ ಮೇಲೆ ಏನು?’ ಅಂತ. ಇನ್ನೊಂದು ಲೆಕ್ಕ ನೆನಪಿಡಿ. ಯುಜಿಸಿಯ 2022ರ ನಿಯಮದ ಪ್ರಕಾರ ಒಬ್ಬ ಪ್ರೊಫೆಸರ್ ಒಂದು ಸಮಯಕ್ಕೆ ಎಂಟು, ಅಸೋಸಿಯೇಟ್ ಪ್ರೊಫೆಸರ್ ಆರು, ಅಸಿಸ್ಟೆಂಟ್ ಪ್ರೊಫೆಸರ್ ನಾಲ್ಕು ಪಿಎಚ್‌ಡಿ ವಿದ್ಯಾರ್ಥಿಗಳಿಗಷ್ಟೇ ಮಾರ್ಗದರ್ಶನ ಮಾಡಬಹುದು. ಗೈಡ್‌ಗೆ ನೀವು ಎಷ್ಟು ಇಷ್ಟವಾದರೂ ಜಾಗ ಖಾಲಿ ಇಲ್ಲದಿದ್ದರೆ ನೋಂದಣಿ ಆಗಲ್ಲ.

ಪೇಪರಿನ ಕೊನೆ ಪ್ಯಾರಾ ಓದಿ

ಗೈಡ್ ಹುಡುಕೋದು ಹೇಗೆ? ನನಗೆ ಕೆಮಿಸ್ಟ್ರಿ ಪೇಪರ್ ಒಂದು ಸಾಲೂ ಅರ್ಥ ಆಗಲಿಲ್ಲ. ಆದ್ರೆ ಕೊನೆಯಲ್ಲಿ ಕೃತಜ್ಞತೆ ಅಂತ ಒಂದು ಪ್ಯಾರಾ ಇರುತ್ತಲ್ಲ, ಅದು ಪೂರ್ತಿ ಅರ್ಥ ಆಯ್ತು! ಕಂಪನಿಯ ಬ್ಯಾಲೆನ್ಸ್ ಶೀಟ್‌ನಲ್ಲಿ ನಿಜವಾದ ವಿಷಯ ಹಿಂದಿನ ಟಿಪ್ಪಣಿಗಳಲ್ಲಿ ಇರೋ ಹಾಗೆ, ಇಲ್ಲೂ ಯಾವ ಇಲಾಖೆ ಅನುದಾನ ಕೊಟ್ಟಿದೆ, ಯಾವ ವಿದ್ಯಾರ್ಥಿಗೆ ಯಾವ ಫೆಲೋಶಿಪ್ ಅನ್ನೋದು ಅಲ್ಲೇ ಬರೆದಿರ್ತಾರೆ. ಕಳೆದ ಎರಡು ವರ್ಷದ ಪೇಪರ್‌ಗಳಲ್ಲಿ ಹೊಸ ಅನುದಾನದ ಹೆಸರು ಇದ್ದರೆ, ಆ ಲ್ಯಾಬ್‌ಗೆ ಈಗ ಜನ ಬೇಕಾಗಿರೋ ಸಾಧ್ಯತೆ ಹೆಚ್ಚು.

ಎರಡನೇ ಜಾಗ ಶೋಧಗಂಗಾ. ಭಾರತದ ವಿಶ್ವವಿದ್ಯಾಲಯಗಳ ಥೀಸಿಸ್‌ಗಳು ಅಲ್ಲಿ ಉಚಿತವಾಗಿ ಸಿಗ್ತವೆ. ಗೈಡ್ ಹೆಸರು ಹಾಕಿ ಹುಡುಕಿ. ಅವರ ಕೈಕೆಳಗೆ ಎಷ್ಟು ಜನ ಮುಗಿಸಿದ್ದಾರೆ, ಕೊನೆಯವರು ಮುಗಿಸಿ ಎಷ್ಟು ವರ್ಷ ಆಯ್ತು ಅನ್ನೋ ಅಂದಾಜು ಸಿಗುತ್ತೆ. ಹತ್ತು ವರ್ಷದಲ್ಲಿ ಒಬ್ಬರೂ ಮುಗಿಸಿಲ್ಲ ಅಂದ್ರೆ ಯಾಕೆ ಅಂತ ವಿಚಾರಿಸಿ.

ಮೂರನೇದು, ಎಲ್ಲಕ್ಕಿಂತ ಮುಖ್ಯ, ಆ ಲ್ಯಾಬ್‌ನಲ್ಲಿ ಈಗ ಇರೋರು. ಒಬ್ಬ ಸೀನಿಯರ್ ವಿದ್ಯಾರ್ಥಿಗೆ ಫೋನ್ ಮಾಡಿ. ಫೆಲೋಶಿಪ್ ಹಣ ಎಷ್ಟು ತಿಂಗಳು ತಡ ಆಗುತ್ತೆ? ಪೇಪರ್‌ನಲ್ಲಿ ಕೆಲಸ ಮಾಡಿದವರ ಹೆಸರು ಮೊದಲು ಬರುತ್ತಾ? ಹುಷಾರಿಲ್ಲ ಅಂದ್ರೆ ರಜೆ ಸಿಗುತ್ತಾ? ಅವರು ‘ಪರವಾಗಿಲ್ಲ, ಬನ್ನಿ’ ಅನ್ನೋ ಮುಂಚೆ ಎಷ್ಟು ಹೊತ್ತು ಸುಮ್ಮನಿದ್ದರು ಅನ್ನೋದನ್ನೂ ಗಮನಿಸಿ.

ಹತ್ತು ಸಾಲಿನ ಇಮೇಲ್

ತಂಗಿ ಮೊದಲು ಬರೆದ ಮೇಲ್ ನೋಡಿ ನಗು ಬಂತು, ಆಮೇಲೆ ಪಾಪ ಅನ್ನಿಸ್ತು. ‘ಗೌರವಾನ್ವಿತ ಸರ್’ ಅಂತ ಶುರು, ಕಳಿಸಿದ್ದು ಒಬ್ಬ ಮಹಿಳಾ ವಿಜ್ಞಾನಿಗೆ. ಅದೇ ಮೇಲ್ ಇನ್ನೂ ಮೂವತ್ತು ಜನಕ್ಕೆ, ಎಲ್ಲರ ವಿಳಾಸವೂ ಕಾಣೋ ಹಾಗೆ. ಒಂದಕ್ಕೂ ಉತ್ತರ ಇಲ್ಲ.

ಆಮೇಲೆ ಒಂದೊಂದಾಗಿ ಬರೆದ್ವಿ. ನಾನು ಯಾರು, ಎಲ್ಲಿ ಓದಿದ್ದು, ನೆಟ್‌ನ ಯಾವ ವರ್ಗ, ಅದು ಯಾವ ತಿಂಗಳವರೆಗೆ ನಡೆಯುತ್ತೆ ಅನ್ನೋದು ಎರಡು ಸಾಲು. ನಿಮ್ಮ ಇಂಥ ಪೇಪರ್ ಓದಿದೆ, ಅದರಲ್ಲಿ ಇಂಥ ಭಾಗದ ಬಗ್ಗೆ ನನಗೆ ಈ ಪ್ರಶ್ನೆ ಇದೆ ಅನ್ನೋದು ಮೂರು ಸಾಲು. ಎಂಎಸ್ಸಿ ಪ್ರಾಜೆಕ್ಟ್‌ನಲ್ಲಿ ಕೈಯಾರೆ ಮಾಡಿದ ಪ್ರಯೋಗ, ಬಳಸಿದ ಉಪಕರಣ ಎರಡು ಸಾಲು. ಕೊನೆಗೆ ನೇರ ಪ್ರಶ್ನೆ: ‘ಈ ವರ್ಷ ನಿಮ್ಮಲ್ಲಿ ಪಿಎಚ್‌ಡಿ ಅಥವಾ ಪ್ರಾಜೆಕ್ಟ್ ಹುದ್ದೆ ಖಾಲಿ ಇದೆಯೇ?’ ಜೊತೆಗೆ ಎರಡು ಪುಟದ ಬಯೋಡೇಟಾ. ಎರಡು ವಾರ ಕಾದು ಒಂದೇ ಒಂದು ನೆನಪಿನ ಮೇಲ್. ಅದಕ್ಕೂ ಉತ್ತರ ಇಲ್ಲ ಅಂದ್ರೆ ಮುಂದಿನವರು.

ಹದಿನಾಲ್ಕು ಮೇಲ್ ಕಳಿಸಿದ್ಲು. ಮೂರು ಉತ್ತರ ಬಂದವು. ಎರಡರಲ್ಲಿ ‘ಜಾಗ ಇಲ್ಲ’. ಒಂದರಲ್ಲಿ, ‘ಮುಂದಿನ ತಿಂಗಳು ಜಾಹೀರಾತು ಬರುತ್ತೆ, ಅರ್ಜಿ ಹಾಕಿ.’

ಹೊರದೇಶ: ಅಲ್ಲೂ ಅದೇ ಪ್ರಶ್ನೆ

ಅಮೆರಿಕದಲ್ಲಿ ವಿಜ್ಞಾನದ ಪಿಎಚ್‌ಡಿಗೆ ವಿಭಾಗಕ್ಕೆ ಅರ್ಜಿ ಹಾಕಬೇಕು. ಬಹುತೇಕ ಕೊನೆ ದಿನಾಂಕ ಡಿಸೆಂಬರ್ ಆಸುಪಾಸು, ತರಗತಿ ಮುಂದಿನ ಆಗಸ್ಟ್–ಸೆಪ್ಟೆಂಬರ್‌ಗೆ. ಹೆಚ್ಚಿನ ಕಡೆ ಶುಲ್ಕ ಮಾಫಿ ಜೊತೆಗೆ ಪಾಠ ಅಥವಾ ಸಂಶೋಧನೆಯ ಸಹಾಯಕರಾಗಿ ಸ್ಟೈಪೆಂಡ್ ಕೊಡ್ತಾರೆ. ಅರ್ಜಿ ಶುಲ್ಕವೇ ಭಾರ ಅನ್ನಿಸಿದರೆ, ವಿನಾಯಿತಿ ಇದೆಯಾ ಅಂತ ವಿಭಾಗಕ್ಕೆ ಬರೆದು ಕೇಳಿ. ಕೇಳೋದಕ್ಕೆ ಖರ್ಚಿಲ್ಲ.

ಜರ್ಮನಿಯಲ್ಲಿ ಎಷ್ಟೋ ಪಿಎಚ್‌ಡಿಗಳು ಉದ್ಯೋಗದ ಜಾಹೀರಾತಿನ ಹಾಗೇ ಬರ್ತವೆ. ಒಪ್ಪಂದ, ಸಂಬಳ, ವಿಮೆ ಎಲ್ಲಾ ಇರುತ್ತೆ. ಯೂರೋಪಿನ ಹುದ್ದೆಗಳಿಗೆ ಯೂರಾಕ್ಸೆಸ್, ಬ್ರಿಟನ್‌ಗೆ ಫೈಂಡ್‌ಎಪಿಎಚ್‌ಡಿ ನೋಡಬಹುದು. ಬ್ರಿಟನ್ ಜಾಹೀರಾತಿನಲ್ಲಿ ಒಂದು ಪದ ಹುಡುಕಿ: ‘ಸೆಲ್ಫ್ ಫಂಡೆಡ್’. ಹಾಗಂದ್ರೆ ದುಡ್ಡು ನಿಮ್ಮದು, ಅಂದ್ರೆ ಅಪ್ಪನ ಹೊಲದ್ದು.

ಪೋಸ್ಟ್‌ಡಾಕ್: ಪರೀಕ್ಷೆ ಇಲ್ಲ, ಗಡಿಯಾರ ಇದೆ

ಥೀಸಿಸ್ ಬರೀತಿರೋ ಕೇಳುಗರಿಗೆ ಈ ಭಾಗ. ಪೋಸ್ಟ್‌ಡಾಕ್‌ಗೆ ನೆಟ್ ಥರ ಒಂದು ಪರೀಕ್ಷೆ ಇಲ್ಲ. ಪೇಪರ್‌ಗಳು, ಇಬ್ಬರು–ಮೂವರ ಶಿಫಾರಸು ಪತ್ರ, ಒಂದು ಭಾಷಣ ಇವುಗಳ ಮೇಲೆ ಆಯ್ಕೆ. ಥೀಸಿಸ್ ಕೊಡೋ ಎಂಟು–ಹತ್ತು ತಿಂಗಳ ಮುಂಚೆಯೇ ಪತ್ರ ಬರೆಯೋಕೆ ಶುರು ಮಾಡಬೇಕು. ಕೊಟ್ಟ ಮೇಲೆ ಹುಡುಕಿದ್ರೆ ನಡುವೆ ಸಂಬಳ ಇಲ್ಲದ ತಿಂಗಳುಗಳು ಬರ್ತವೆ.

ದುಡ್ಡು ಇಲ್ಲೂ ಎರಡು ಥರ. ಒಂದು, ಪ್ರೊಫೆಸರ್ ಅನುದಾನದ ಹುದ್ದೆ. ನಮ್ಮಲ್ಲಿ ರಿಸರ್ಚ್ ಅಸೋಸಿಯೇಟ್ ಅಂತಾರೆ. 2023ರಿಂದ ಮೂರು ಹಂತಕ್ಕೆ 58,000, 61,000, 67,000 ರೂಪಾಯಿ, ಬಾಡಿಗೆ ಭತ್ಯೆ ಬೇರೆ. ಇನ್ನೊಂದು, ನಿಮ್ಮದೇ ಹೆಸರಿನ ಫೆಲೋಶಿಪ್. ಭಾರತದಲ್ಲಿ ರಾಷ್ಟ್ರೀಯ ಪೋಸ್ಟ್ ಡಾಕ್ಟರಲ್ ಫೆಲೋಶಿಪ್ ಇದೆ. ಮೊದಲು ಎಸ್‌ಇಆರ್‌ಬಿ ಕೊಡ್ತಿತ್ತು, ಈಗ ಅದರ ಜಾಗಕ್ಕೆ ಬಂದಿರೋ ಎಎನ್‌ಆರ್‌ಎಫ್ ನೋಡಿಕೊಳ್ಳುತ್ತೆ. ಇದಕ್ಕೆ ವಯಸ್ಸಿನ ಮಿತಿ ಇದೆ, ಅಧಿಸೂಚನೆ ಬಂದಾಗ ಮೊದಲು ಅದನ್ನೇ ನೋಡಿ.

ಯೂರೋಪಿನ ಮರಿ ಕ್ಯೂರಿ ಫೆಲೋಶಿಪ್ ಬಗ್ಗೆ ಎಲ್ಲರೂ ಕೇಳ್ತಾರೆ. ಅರ್ಜಿ ಸಾಮಾನ್ಯವಾಗಿ ಸೆಪ್ಟೆಂಬರ್‌ಗೆ ಮುಗಿಯುತ್ತೆ. ಅದರ ಓಡಾಟದ ನಿಯಮ ನೆನಪಿರಲಿ: ಯಾವ ದೇಶಕ್ಕೆ ಹೋಗಬೇಕು ಅಂತಿದ್ದೀರೋ ಆ ದೇಶದಲ್ಲಿ ಹಿಂದಿನ 36 ತಿಂಗಳಲ್ಲಿ 12 ತಿಂಗಳಿಗಿಂತ ಹೆಚ್ಚು ವಾಸ ಅಥವಾ ಕೆಲಸ ಮಾಡಿರಬಾರದು. ‘ಮೊದಲು ಜರ್ಮನಿಗೆ ಹೋಗಿ ಒಂದೂವರೆ ವರ್ಷ ಇದ್ದು, ಆಮೇಲೆ ಅಲ್ಲಿಗೇ ಇದನ್ನ ಹಾಕ್ತೀನಿ’ ಅಂದ್ರೆ ಬಾಗಿಲು ಮುಚ್ಚಿರುತ್ತೆ.

ವಿಷಯಕ್ಕೆ ತಕ್ಕ ಹಾಗೆ ಹಂಗಾಮೂ ಬೇರೆ. ಖಗೋಳಶಾಸ್ತ್ರದಲ್ಲಿ ಅಮೆರಿಕನ್ ಖಗೋಳ ಸಂಘದ ಜಾಬ್ ರಿಜಿಸ್ಟರ್‌ನಲ್ಲಿ ಅಕ್ಟೋಬರ್‌ನಿಂದ ಡಿಸೆಂಬರ್ ಹೊತ್ತಿಗೆ ಮುಂದಿನ ವರ್ಷದ ಹುದ್ದೆಗಳು ತುಂಬಿ ಬರ್ತವೆ. ಗಣಿತದವರಿಗೆ ಮ್ಯಾಥ್‌ಜಾಬ್ಸ್. ಜೀವವಿಜ್ಞಾನದಲ್ಲಿ ವರ್ಷವಿಡೀ ನೇರ ಪತ್ರವೇ ದಾರಿ.

ಹಣ ಕೇಳಿದರೆ ಫೋನ್ ಇಡಿ

ಹುಡುಕಾಟದ ಮಧ್ಯೆ ತಂಗಿಗೆ ಒಂದು ಕರೆ ಬಂತು. ‘ಗೈಡ್, ಸೀಟು, ಎರಡು ಪೇಪರ್, ಎಲ್ಲಾ ಪ್ಯಾಕೇಜ್. ಮುಂಗಡ ನಲವತ್ತು ಸಾವಿರ.’ ಚಿಕ್ಕಪ್ಪ ಬ್ಯಾಂಕಿಗೆ ಹೊರಟೇಬಿಟ್ಟಿದ್ದರು. ಬಾಗಿಲಲ್ಲೇ ತಡೆದ್ವಿ. ಸೀಟು ಕೊಡಿಸ್ತೀವಿ, ಪೇಪರ್ ಬರೆದು ಕೊಡ್ತೀವಿ ಅನ್ನೋರು ನಿಮ್ಮ ದುಡ್ಡಿನ ಜೊತೆ ಹೆಸರನ್ನೂ ಹಾಳು ಮಾಡ್ತಾರೆ. ಅಂದ ಹಾಗೆ, 2022ರ ಯುಜಿಸಿ ನಿಯಮದಲ್ಲಿ ಥೀಸಿಸ್ ಕೊಡೋ ಮುಂಚೆ ಪೇಪರ್ ಪ್ರಕಟಿಸಲೇಬೇಕು ಅನ್ನೋ ಷರತ್ತನ್ನ ತೆಗೆದಿದ್ದಾರೆ. ವಿಶ್ವವಿದ್ಯಾಲಯದ್ದೇ ನಿಯಮ ಬೇರೆ ಇರಬಹುದು, ಅದನ್ನ ಕಚೇರಿಯಲ್ಲೇ ಕೇಳಿ.

ಮನೆಯಲ್ಲಿ ಮಾತಾಡೋ ಹುಡುಗಿಯರಿಗೆ ಇನ್ನೊಂದು ಮಾತು. ಅದೇ ನಿಯಮದಲ್ಲಿ ಪಿಎಚ್‌ಡಿ ಅವಧಿ ಕನಿಷ್ಠ ಮೂರು, ಸಾಮಾನ್ಯವಾಗಿ ಗರಿಷ್ಠ ಆರು ವರ್ಷ. ಮಹಿಳೆಯರಿಗೆ ಹೆಚ್ಚುವರಿ ಎರಡು ವರ್ಷದ ವಿನಾಯಿತಿ ಮತ್ತು 240 ದಿನಗಳವರೆಗೆ ಹೆರಿಗೆ ಅಥವಾ ಶಿಶುಪಾಲನಾ ರಜೆಗೆ ಅವಕಾಶ ಇದೆ. ‘ಮದುವೆ ಆದ್ರೆ ಓದು ನಿಂತಂಗೆ’ ಅನ್ನೋ ವಾದಕ್ಕೆ ಇದನ್ನ ತೋರಿಸಿ.

ಕೊನೆಗೆ ತಂಗಿ ಕಥೆ. ಆ ಜಾಹೀರಾತು ಬಂತು. ಸಂದರ್ಶನಕ್ಕೆ ರಾತ್ರಿ ಬಸ್ಸಲ್ಲಿ ಬಂದು ನಮ್ಮ ರೂಮಲ್ಲಿ ಸ್ನಾನ ಮಾಡಿ ಹೋದ್ಲು. ಈಗ ಬೆಂಗಳೂರಿನ ಒಂದು ಲ್ಯಾಬ್‌ನಲ್ಲಿ ಪ್ರಾಜೆಕ್ಟ್ ಹುದ್ದೆಯಲ್ಲಿದ್ದಾಳೆ. ನೆಟ್ ಅವಧಿ ಮುಗಿಯೋಕೆ ಎರಡು ವಾರ ಇದ್ದಾಗ ವಿಶ್ವವಿದ್ಯಾಲಯದ ಪಿಎಚ್‌ಡಿ ಅಧಿಸೂಚನೆ ಬಂತು, ಅವತ್ತೇ ಅರ್ಜಿ ಹಾಕಿದ್ಲು. ಸಂದರ್ಶನ ಆಗಿದೆ, ಪಟ್ಟಿ ಇನ್ನೂ ಬಂದಿಲ್ಲ. ಗೈಡ್ ಇದ್ದಾರೆ, ದುಡ್ಡು ಇದೆ, ನೋಂದಣಿ ಬಾಕಿ. ಈ ಸಲದ ಗೇಟ್ ಫಾರ್ಮನ್ನೂ ತುಂಬಿಟ್ಟಿದ್ದಾಳೆ.

ಚಿಕ್ಕಪ್ಪ ಮೊನ್ನೆ ಫೋನ್ ಮಾಡಿ, ‘ಅದೇನೋ ಪಟ್ಟಿ ಬಂತೇನಮ್ಮ?’ ಅಂತ ಕೇಳಿದ್ರು. ಗಂಡಿನ ವಿಷಯ ಎತ್ತಲಿಲ್ಲ.

ನಿಮ್ಮ ಹಳೇ ರಿಸಲ್ಟ್ ಪಿಡಿಎಫ್ ಎಲ್ಲಾದರೂ ಇದ್ದರೆ, ಇವತ್ತು ರಾತ್ರಿ ಒಂದು ಸಲ ತೆಗೆದು ಪೂರ್ತಿ ಓದಿ. ಮುಂದಿನ ವಾರ ಸಿಗೋಣ. ನಮಸ್ಕಾರ.